ಆ ಹಳದಿ ಬೋರ್ಡನ್ನು ಕಿತ್ತುಹಾಕಿ

ಜಿಲ್ಲೆಯ ಕಾಲುದಾರಿಗಳ ಉಸ್ತುವಾರಿ ಹೊತ್ತಿರುವ ಮಾನ್ಯ ಅಧಿಕಾರಿಗಳೇ,

ಆಲ್ವರ್ ನದಿಯ ಗುಂಟ ಹೋಗುವ ಕಾಲುದಾರಿಯಲ್ಲಿ, ಹ್ಯಾಡ್‌ಸ್ಟೋ ಹಳ್ಳಿಯ ಕೆಳಗೆ, ತಾವು ಒಂದು ಹಳದಿ ಬೋರ್ಡು ನೆಟ್ಟಿದ್ದೀರಿ. 'ಸೇತುವೆ ತಾತ್ಕಾಲಿಕವಾಗಿ ಮುಚ್ಚಿದೆ, ಬದಲಿ ದಾರಿ ಬಳಸಿ' ಎಂದು ಅದರಲ್ಲಿ ಬರೆದಿದೆ, ಪಕ್ಕದಲ್ಲೊಂದು ಬಾಣವಿದೆ. ನನ್ನ ಹೆಂಡತಿ ಬೆರಿಲ್ ಆ ಬೋರ್ಡನ್ನು ಓದಿದಳು, ಬಾಣ ತೋರಿಸಿದ ಕಡೆಗೆ ನಡೆದಳು, ಸೊಂಟ ಮುರಿದುಕೊಂಡಳು. ತಮ್ಮ ಮಾತನ್ನು ಚಾಚೂ ತಪ್ಪದೆ ಪಾಲಿಸಿದ ನಾಗರಿಕಳಿಗೆ ತಮ್ಮ ಇಲಾಖೆ ಕೊಟ್ಟ ಗೌರವ ಇದು.

'ತಾತ್ಕಾಲಿಕ' ಎಂಬ ಪದದ ಬಗ್ಗೆ ಮೊದಲು ಮಾತಾಡೋಣ. ಆ ಬೋರ್ಡು ನೆಟ್ಟ ವಸಂತದಲ್ಲಿ ಪಕ್ಕದ ಹುಲ್ಲುಗಾವಲಿನಲ್ಲಿ ಹುಟ್ಟಿದ ಹೆಣ್ಣುಗರು ಈಗ ಎರಡು ಕರುಗಳ ತಾಯಿ. ಅಷ್ಟು ದಿನವೂ ಸೇತುವೆ ನೆಟ್ಟಗೆ ನಿಂತಿದೆ. ಪ್ರವಾಹದ ನೀರು ಒಮ್ಮೆ ಅದರ ಹಲಗೆಗಳನ್ನು ಮುಟ್ಟಿ ಹೋಯಿತು, ಒಂದು ಪರೀಕ್ಷೆ ಆಗಬೇಕು ಎಂದು ತಾವು ಎರಡೂ ತುದಿಗೆ ತಂತಿಬಲೆ ಕಟ್ಟಿಸಿದಿರಿ. ಬಲೆ ಕಟ್ಟಲು ಜನ ಸಿಕ್ಕಿದರು, ಪರೀಕ್ಷೆ ಮಾಡಲು ಮಾತ್ರ ಇನ್ನೂ ಯಾರೂ ಸಿಕ್ಕಿಲ್ಲ. ಒಬ್ಬ ಎಂಜಿನಿಯರ್ ಬಂದು ಮರದ ಕಂಬಗಳನ್ನು ತಟ್ಟಿ ನೋಡಿ ಹೋಗುವುದಕ್ಕೆ ಎಷ್ಟು ಪ್ರಧಾನಿಗಳು ಬದಲಾಗಬೇಕು, ಸ್ವಾಮಿ?

ಈ ನಡುವೆ ಊರಿನವರೆಲ್ಲ ಆ ಸೇತುವೆಯ ಮೇಲೆಯೇ ಓಡಾಡುತ್ತಿದ್ದಾರೆ. ಬಲೆಯ ಪಕ್ಕದಲ್ಲಿ ನುಸುಳಿ ನುಸುಳಿ ಹೊಸದೊಂದು ಕಾಲುದಾರಿಯೇ ಬಿದ್ದಿದೆ. ಅಲ್ಲಿ ದನ ಸಾಕುವ ಕ್ಲೆಮ್ ಹ್ಯಾಸೆಲ್ ದಿನಾ ನಾಯಿಯ ಜೊತೆ ದಾಟುತ್ತಾನೆ. ನಮ್ಮ ಪಾದ್ರಿಗಳು ಪ್ರಾರ್ಥನೆಗೆ ತಡವಾದಾಗ ನಿಲುವಂಗಿ ಎತ್ತಿಕೊಂಡು ನುಸುಳುವುದನ್ನು ನಾನೇ ಕಂಡಿದ್ದೇನೆ. ತಮ್ಮ ಆಜ್ಞೆಯನ್ನು ಪಾಲಿಸಿದವಳು ಇಡೀ ಕಣಿವೆಯಲ್ಲಿ ಒಬ್ಬಳೇ.

ಅವಳು ಯಾಕೆ ಹಾಗೆ ಎಂದು ತಮಗೆ ತಿಳಿದಿರಬೇಕು, ಏಕೆಂದರೆ ಅವಳನ್ನು ಹಾಗೆ ಮಾಡಿದ್ದು ತಮ್ಮ ಜಿಲ್ಲಾಡಳಿತವೇ. ಇಪ್ಪತ್ತು ವರ್ಷಕ್ಕೂ ಮೇಲೆ ಅವಳು ಪ್ರಾಥಮಿಕ ಶಾಲೆಯ ಮುಂದೆ ಮಕ್ಕಳಿಗೆ ರಸ್ತೆ ದಾಟಿಸಿದವಳು. ಉದ್ದ ಕೋಲಿನ ತುದಿಗೆ ದುಂಡನೆಯ 'ನಿಲ್ಲಿ' ಬೋರ್ಡು, ಮೈಮೇಲೆ ಹೊಳೆಯುವ ಹಳದಿ ಕೋಟು, ಎರಡೂ ಜಿಲ್ಲಾಡಳಿತ ಕೊಟ್ಟದ್ದು. ಅವಳು ಬೋರ್ಡು ಎತ್ತಿದರೆ ಮರದ ದಿಮ್ಮಿ ಹೊತ್ತ ಲಾರಿಯೂ ನಿಲ್ಲುತ್ತಿತ್ತು. ಬೋರ್ಡಿನ ಮಾತನ್ನು ಜನ ಕೇಳಬೇಕು, ಕೇಳದಿದ್ದರೆ ಯಾರದೋ ಮಗು ಸಾಯುತ್ತದೆ ಎಂಬುದು ಅವಳ ಮಟ್ಟಿಗೆ ದೇವರಾಣೆ. ನಿವೃತ್ತಿಯಾದ ಮೇಲೆ ಅವಳು ಆಸೆಪಟ್ಟದ್ದು ಒಂದೇ, ಆಲ್ವರ್ ನದಿಯನ್ನು ಹುಟ್ಟುವಲ್ಲಿಂದ ಸಮುದ್ರ ಸೇರುವವರೆಗೆ ಕಾಲ್ನಡಿಗೆಯಲ್ಲಿ ನೋಡುವುದು. ಭಾನುವಾರಕ್ಕೊಂದು ತುಂಡು, ಥರ್ಮಾಸಿನಲ್ಲಿ ಚಹಾ, ಚೀಸ್ ಮತ್ತು ಉಪ್ಪಿನಕಾಯಿಯ ಸ್ಯಾಂಡ್‌ವಿಚ್. ಹಾಗೆ ನಡೆದೂ ನಡೆದೂ ದಾರಿಯೆಲ್ಲ ಮುಗಿಯಿತು, ಹ್ಯಾಡ್‌ಸ್ಟೋ ತುಂಡೊಂದು ಉಳಿಯಿತು. ಸೇತುವೆ ತೆರೆಯಲಿ ಎಂದು ಅವಳು ಕಾದಳು. ಕೊನೆಗೆ ಕಳೆದ ಸೆಪ್ಟೆಂಬರಿನಲ್ಲಿ, ಇನ್ನು ಕಾಯುವುದರಲ್ಲಿ ಅರ್ಥವಿಲ್ಲ ಎಂದು ಹೊರಟಳು.

ಬಲೆಯ ಆಚೆಯಿಂದ ಕ್ಲೆಮ್ ನಮ್ಮನ್ನು ಕೂಗಿದ.

"ಇಲ್ಲೇ ಪಕ್ಕದಾಗೆ ಬನ್ನಿ ಬೆರಿಲಮ್ಮ. ಈ ಹೊಟ್ಟೆ ಹೊತ್ಕೊಂಡು ನಾನೇ ದಿನಾ ದಾಟ್ತೀನಿ, ನೀವೇನು ಭಾರ."

"ಮುಚ್ಚಿದೆ ಅಂತ ಬರ್ದಿದ್ದಾರಲ್ಲ ಕ್ಲೆಮ್."

"ಅದನ್ನ ಬರೆದೋನು ಈ ಹೊಳೇನೇ ನೋಡಿಲ್ಲ."

"ನೋಡದೆ ಯಾರಾದ್ರೂ ಬೋರ್ಡು ಹಾಕ್ತಾರಾ? ಸುಮ್ನಿರು," ಎಂದಳು ಬೆರಿಲ್. ನಾನೂ ಬಾಯಿ ಹಾಕಿದೆ. "ಆಯ್ತಲ್ಲ, ಊರಿಗೆಲ್ಲ ನೀನೊಬ್ಳೇ ಶಿಸ್ತಿನವಳು" ಎಂದು ಗೊಣಗಿದೆ. ಅವಳು ಬಾಣದ ದಾರಿ ಹಿಡಿದು ಹೊರಟಾಗಿತ್ತು, ನಾನು ಹಿಂದೆ ನಡೆದೆ.

ತಮ್ಮ ಬದಲಿ ದಾರಿಯನ್ನು ತಾವು ಎಂದಾದರೂ ನಡೆದಿದ್ದೀರಾ? ಅದು ಕಾಲುದಾರಿಯಲ್ಲ, ವ್ಯಾನುಗಳು ಹಾರುವ ಡಾಂಬರು ರಸ್ತೆ. ಎರಡೂ ಬದಿಗೆ ಆಳೆತ್ತರದ ಮುಳ್ಳುಬೇಲಿ, ಕಾಲಿಡಲು ಒಂದು ಗೇಣು ಹುಲ್ಲಿಲ್ಲ, ಮಾರಿಗೊಂದು ತಿರುವು. ನದಿಯಲ್ಲಿ ಬೀಳಬಹುದಾದ ಜನರನ್ನು ಕಾಪಾಡಲು ತಾವು ಅವರನ್ನು ಅಲ್ಲಿಗೆ ಕಳಿಸುತ್ತೀರಿ. ಮೂರನೆಯ ತಿರುವಿನಲ್ಲಿ ವ್ಯಾನೊಂದರ ಕನ್ನಡಿ ಬೆರಿಲಳ ಭುಜಕ್ಕೆ ಬಡಿಯಿತು. ಅವಳು ಬೇಲಿಯ ಬುಡದ ತುರಿಕೆಗಿಡಗಳಲ್ಲಿ ಬಿದ್ದಳು. ವ್ಯಾನಿನ ಹುಡುಗ ಇಳಿದು ಓಡಿಬಂದ.

"ಈ ರಸ್ತೇಲಿ ಯಾಕಮ್ಮ ನಡೀತಿದೀರಾ? ಇಲ್ಲಿ ಯಾರೂ ನಡಿಯಲ್ವಲ್ಲ."

"ಬೋರ್ಡು ಹಾಕಿದ್ದಾರಪ್ಪ," ಎಂದಳು ನನ್ನ ಹೆಂಡತಿ, ಮುರಿದ ಸೊಂಟದಲ್ಲಿ, ಅವನಿಗೆ ಸಮಾಧಾನ ಹೇಳುವ ದನಿಯಲ್ಲಿ.

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಆಂಬ್ಯುಲೆನ್ಸ್ ಬರುವವರೆಗೂ ತನ್ನ ಕೋಟು ಹೊದಿಸಿ ಪಕ್ಕದಲ್ಲೇ ಕೂತಿದ್ದ. ನನ್ನ ಸಿಟ್ಟೆಲ್ಲ ತಮಗಾಗಿ ಜೋಪಾನವಾಗಿ ಎತ್ತಿಟ್ಟಿದ್ದೇನೆ. ಆಸ್ಪತ್ರೆಯಿಂದ ತಮ್ಮ ಕಚೇರಿಗೆ ಫೋನ್ ಮಾಡಿದಾಗ ತಮ್ಮ ಸಿಬ್ಬಂದಿಯೊಬ್ಬರು ಬಹಳ ವಿನಯದಿಂದ ಮಾತಾಡಿದರು.

"ಸರ್, ಬದಲಿ ದಾರಿ ಅನ್ನೋದು ಬರೀ ಸಲಹೆ. ಅಲ್ಲೇ ಹೋಗ್ಬೇಕು ಅಂತ ಕಡ್ಡಾಯ ಏನಿಲ್ಲ."

"ಮತ್ತೆ ಎಲ್ಲಿ ಹೋಗ್ಬೇಕಿತ್ತು?"

"ಅದು ನಡೆಯೋರ ವಿವೇಚನೆಗೆ ಬಿಟ್ಟಿದ್ದು ಸರ್."

"ಸೇತುವೆ ಮೇಲೆ ಹೋಗ್ಬಹುದಿತ್ತಾ?"

"ಅದು ಮುಚ್ಚಿದೆಯಲ್ಲ ಸರ್."

ಇದನ್ನು ಸಾರ್ವಜನಿಕರು ಒಮ್ಮೆ ನಿಧಾನವಾಗಿ ಓದಬೇಕೆಂದೇ ನಾನು ಈ ಪತ್ರವನ್ನು ಪತ್ರಿಕೆಗೆ ಕಳಿಸುತ್ತಿದ್ದೇನೆ. ಸೇತುವೆಯ ಮೇಲೆ ಹೋದರೆ ತಪ್ಪು ನಮ್ಮದು, ರಸ್ತೆಯಲ್ಲಿ ಹೋದರೂ ತಪ್ಪು ನಮ್ಮದು. ಕ್ಲೆಮ್ ತನ್ನ ಹುಲ್ಲುಗಾವಲಿನ ಅಂಚಿನಲ್ಲೇ ಜನ ನಡೆದು ಕೆಳಗಿನ ಕಲ್ಲುಸೇತುವೆ ಸೇರಲಿ ಎಂದು ಬಿಟ್ಟಿ ಜಾಗ ಕೊಡಲು ಬಂದಿದ್ದ. ಅದಕ್ಕೊಂದು ಪ್ರಕ್ರಿಯೆ ಇದೆ ಎಂದು ತಾವು ಅವನನ್ನು ವಾಪಸು ಕಳಿಸಿದಿರಿ. ಜನರನ್ನು ವ್ಯಾನಿನ ಮುಂದೆ ಬಿಡುವುದಕ್ಕೆ ಯಾವ ಪ್ರಕ್ರಿಯೆಯೂ ಬೇಕಾಗಲಿಲ್ಲ, ಒಂದು ಬಾಣ ಸಾಕಾಯಿತು. ತಮಗೆ ನಾಚಿಕೆಯಾಗಬೇಕು. ಇದನ್ನು ಸುತ್ತಿಬಳಸಿ ಹೇಳುವ ತಾಳ್ಮೆ ನನಗಿಲ್ಲ.

ಬೆರಿಲ್ ಈಗ ಲೋಹದ ಚೌಕಟ್ಟು ಹಿಡಿದು ಅಡುಗೆಮನೆಯಿಂದ ಗೇಟಿನವರೆಗೆ ನಡೆಯುತ್ತಾಳೆ. ಮೇ ತಿಂಗಳಿಗೆ ಬರೀ ಕೋಲು ಸಾಕು ಎಂದು ವ್ಯಾಯಾಮ ಮಾಡಿಸುವ ಹುಡುಗಿ ಹೇಳಿದ್ದಾಳೆ. ಹೋದ ವಾರ ಚಹಾ ಕುಡಿಯುತ್ತಾ ಬೆರಿಲ್ ಕೇಳಿದಳು.

"ಮೇ ತಿಂಗ್ಳಲ್ಲಿ ಹೋಗಿ ಮುಗಿಸಿಬಿಡೋಣ್ವಾ? ಆ ಸೇತುವೆ ಹತ್ರದಿಂದ್ಲೇ ಶುರು ಮಾಡ್ಬೇಕು. ನಡುವೆ ಬಿಟ್ರೆ ನಡೆದಂಗಾಗಲ್ಲ."

"ಸೇತುವೆ ಮೇಲೆ ಹೋಗೋಣ," ಎಂದೆ.

"ಬೋರ್ಡು ಇನ್ನೂ ಇದ್ಯಾ?"

"ಇದೆ."

"ಹಂಗಾದ್ರೆ ರಸ್ತೇನೇ."

ನಾನು ಬೇಡಿಕೊಂಡೆ, ಬೈದೆ, ಎರಡು ದಿನ ಮಾತು ಬಿಟ್ಟೆ. ಅವಳು ಜಗ್ಗಲಿಲ್ಲ. ಆದ್ದರಿಂದ ತಮ್ಮ ಮುಂದೆ ನನ್ನ ಒತ್ತಾಯ ಇಷ್ಟೇ. ಸೇತುವೆ ತೆರೆಯುವುದು ತಮ್ಮಿಂದಾಗದಿದ್ದರೆ ಬಿಡಿ. ಪರಿಹಾರ ಬೇಡ, ಹೂಗುಚ್ಛ ಬೇಡ, ವಿಷಾದವಂತೂ ಬೇಡವೇ ಬೇಡ. ಏಪ್ರಿಲ್ ಮುಗಿಯುವುದರೊಳಗೆ ಒಬ್ಬ ಆಳನ್ನು ಕಳಿಸಿ ಆ ಬೋರ್ಡನ್ನು ಕಿತ್ತುಹಾಕಿಸಿ. ನಾನೇ ಕೀಳಬಹುದಿತ್ತು, ಆದರೆ ಕಿತ್ತವನು ನಾನೆಂದು ಗೊತ್ತಾದರೆ ಅವಳೇ ಅದನ್ನು ಮತ್ತೆ ನೆಡಿಸುತ್ತಾಳೆ. ಈ ಜಿಲ್ಲೆಯಲ್ಲಿ ತಮ್ಮನ್ನು ನಂಬುವವಳು ಅವಳೊಬ್ಬಳೇ ಉಳಿದಿದ್ದಾಳೆ, ದಯವಿಟ್ಟು ಅವಳನ್ನು ಕೊಲ್ಲಬೇಡಿ.

ಇಂತಿ,
ನಾಲ್ಕು ದಶಕ ಸಂಸಾರ ಮಾಡಿಯೂ ಒಂದು ಬೋರ್ಡಿನಷ್ಟು ಮಾತು ನಡೆಯದ ಗಂಡ,
ಲಯೊನೆಲ್ ಫ್ರೀತ್