ಬೀಸುಕಲ್ಲಿನ ಆಚೆ ಬದಿ

ಇಳಕಲ್ಲ
ತಾ. ೨-೯-೧೯೮೩

ಸೌಭಾಗ್ಯವತಿ ತಂಗಿ ಗುರುಲಿಂಗವ್ವಳಿಗೆ ನಿನ್ನ ನೆಗೆಣ್ಣಿ ಶಿವಬಸವ್ವನ ಆಶೀರ್ವಾದಗಳು.

ಬಸವಣ್ಣನ ದಯದಿಂದ ನಾವಿಬ್ಬರೂ ಇದ್ದೇವೆ. ಬಾಗಲಕೋಟೆಯಲ್ಲಿ ಮೈದುನನ ಅರಿವೆ ಅಂಗಡಿ ಹೇಗೆ ನಡೆದಿದೆ? ಯುಗಾದಿಗೆ ನೀನು ಬರೆದ ಕಾಗದಕ್ಕೆ ಶ್ರಾವಣದಲ್ಲಿ ಉತ್ತರ ಬರೆಯುತ್ತಿದ್ದೇನೆ, ಸಿಟ್ಟಾಗಬೇಡ. ಪೆನ್ನು ಹಿಡಿಯಲೂ ಕೈಯಲ್ಲಿ ಶಕ್ತಿ ಇರಲಿಲ್ಲ ಎಂದರೆ ನಗುತ್ತೀ, ಆದರೆ ನಿಜ.

ನನಗೆ ಸಕ್ಕರೆ ಕಾಯಿಲೆ ಬಂದಿದೆ. ಮೈ ಇಳಿದು ಕುಪ್ಪಸದ ತೋಳು ಜೋಲಾಡುತ್ತದೆ. ಒಂದು ದಿನ ತುಂಬಿದ ಕೊಡ ಎತ್ತಲಾಗದೆ ಬಾವಿಕಟ್ಟೆಯ ಮೇಲೇ ಕುಳಿತುಬಿಟ್ಟೆ. ನಿನ್ನ ಭಾವ ಹೆದರಿ ದವಾಖಾನೆಗೆ ಕರೆದೊಯ್ದರು.

ಡಾಕ್ಟರು ಇನ್ನೂ ಸಣ್ಣ ವಯಸ್ಸಿನವರು. "ಗುಳಗಿ ತಗೋರಿ, ದಿನಾ ನಡೀರಿ. ಆದ್ರ ಬರೇ ನಡದ್ರ ಸಾಲೂದಿಲ್ಲ, ತೋಳಿಗೆ ತೊಡಿಗೆ ಕಸುವು ಬರೂ ಹಂಗ ಭಾರ ಎತ್ತಬೇಕು. ಮೈಯಾಗ ಕಸುವಿದ್ರ ಸಕ್ಕರಿ ಹತೋಟ್ಯಾಗ ಇರ್ತದ" ಎಂದರು. "ನಾ ಏನ ಗರಡಿಮನಿ ಪೈಲ್ವಾನೇನ್ರಿ?" ಎಂದೆ. "ಮೊದಲ ಮನ್ಯಾಗ ಏನ ಕೆಲಸಾ ಮಾಡ್ತಿದ್ರಿ?" "ಬೀಸ್ತಿದ್ದೆ." "ಹಂಗಾರ ಗಿರಣಿ ಬಿಟ್ಟು ಮತ್ತ ಬೀಸ್ರಿ."

ಏನು ಹೇಳಲಿ ಅವರಿಗೆ? ಮನೆ ಪಾಲಾದಾಗ ಹಿರಿಯರು ಎಲ್ಲ ಸಮಪಾಲು ಎಂದರು, ನಮ್ಮ ಗಂಡಂದಿರು, ಆ ಅಣ್ಣತಮ್ಮಂದಿರು, ಹಟಕ್ಕೆ ಬಿದ್ದು ಬೀಸುಕಲ್ಲನ್ನೂ ಬಿಡಲಿಲ್ಲ. ಕೆಳಗಿನ ಕಲ್ಲು ನಮ್ಮಲ್ಲಿ, ಮೇಲಿನದು ನಿಮ್ಮಲ್ಲಿ. ಗಂಡಸರ ಬುದ್ಧಿಗೆ ಏನೆನ್ನಬೇಕು! ಹೊಸ ಕಲ್ಲು ತರುತ್ತೇನೆ ಎಂದು ನಿನ್ನ ಭಾವ ಹೇಳಿದರು, ನಾನೇ ಬೇಡವೆಂದೆ. ಕಲ್ಲು ಬಂದರೂ ಎದುರಿಗೆ ಕೂಡುವವರು ಯಾರು? ನಾನು ಎಳೆದರೆ ನೀನು ನೂಕುತ್ತಿದ್ದೆ. ನನ್ನ ಹಾಡು ಸ್ವಲ್ಪ ನಿಂತರೆ ಸಾಕು, "ಯಕ್ಕಾ, ನಿದ್ದಿ ಹತ್ತೇತೇನ?" ಎಂದು ಕಾಲಿನಿಂದ ತಿವಿಯುತ್ತಿದ್ದೆ. ಒಬ್ಬಳೇ ಬೀಸಿದರೆ ತೋಳಿಗಿಂತ ಮೊದಲು ಮನಸ್ಸು ಸೋಲುತ್ತದೆ, ತಂಗಿ.

ಡಾಕ್ಟರು ಒಂದು ಡಬ್ಬಿ ಪ್ರೋಟೀನ್ ಪುಡಿಯನ್ನೂ ಬರೆದುಕೊಟ್ಟಿದ್ದರು. ಹಾಲಿನಲ್ಲಿ ಕಲಸಿ ಕುಡಿಯಬೇಕಂತೆ. ಪಂಚಮಿ ಬಂತು, ಓಣಿಯ ಹೆಂಗಸರೆಲ್ಲ ಮನೆಗೆ ಬಂದರು. ಅವರ ಕಣ್ಣೆದುರು ನಾನೊಬ್ಬಳೇ ಕುಡಿಯುವುದು ಹೇಗೆ? ಪೂರ್ತಿ ಡಬ್ಬಿಯನ್ನು ಬೆಲ್ಲ ತುಪ್ಪದಲ್ಲಿ ಕಲಸಿ ಉಂಡಿ ಕಟ್ಟಿ ಹಂಚಿದೆ, ಮನಸ್ಸು ತಡೆಯದೆ ನಾನೂ ತಿಂದೆ! ಡಾಕ್ಟರಿಗೆ ಹೇಳಿದಾಗ ಅವರು ಹಣೆ ಹಣೆ ಬಡಿದುಕೊಂಡರು. "ಬೆಲ್ಲ ಹಾಕಿದಿರೇನವ್ವಾ? ಓಣಿಗೆಲ್ಲಾ ಕಸುವು, ನಿಮಗ ಸಕ್ಕರಿ!" ಎಂದು ಬೈದರು, ಆಮೇಲೆ ತಾವೇ ನಕ್ಕರು. "ಡಬ್ಬಿ ಇರ್ಲಿ ಬಿಡ್ರಿ. ಹೆಸರಕಾಳು, ಮಡಿಕಿಕಾಳು, ಕಡ್ಲಿ ದಿನಾ ತಿನ್ರಿ, ರೊಟ್ಟಿ ಕಡಿಮಿ ಮಾಡ್ರಿ" ಎಂದರು.

ಈಗ ಎರಡು ತಂಬಿಗೆಯಲ್ಲಿ ಉಸುಕು ತುಂಬಿಕೊಂಡು ಎತ್ತಿ ಇಳಿಸುತ್ತೇನೆ. ಮೊನ್ನೆ ಬಳೆಗಾರ್ತಿ ಕಾಸಿಂಬಿ ನೋಡಿ, "ಯಾರ ಕೂಡ ಕುಸ್ತಿ ಐತಿ ಶಿವಬಸವ್ವಾ?" ಎಂದು ಹೊಟ್ಟೆ ಹಿಡಿದು ನಕ್ಕಳು. ನಗಲಿ. ಅರ್ಧ ಕೊಡ ಸೊಂಟಕ್ಕೇರುತ್ತಿದೆ.

ಅಣ್ಣತಮ್ಮಂದಿರು ಮಾತು ಬಿಟ್ಟರೆ ಬಿಡಲಿ, ನಾವಿಬ್ಬರು ಯಾವ ಪಾಲಿಗೂ ಸಹಿ ಹಾಕಿಲ್ಲ. ದಸರೆಗೆ ಆ ಮೇಲಿನ ಕಲ್ಲನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಬಾ. ಕಲ್ಲು ಭಾರವಾದರೆ ಬಿಟ್ಟು, ನೀನಾದರೂ ಬಾ. ನಿನ್ನನ್ನು ನೋಡಬೇಕೆಂದು ಜೀವ ಹಾತೊರೆಯುತ್ತಿದೆ.

ನಿನ್ನ ಮನೆ ತಣ್ಣಗಿರಲಿ, ಕೈಬಳೆ ಗಟ್ಟಿಯಾಗಿರಲಿ.

ಇಂತಿ ನಿನ್ನ ಅಕ್ಕ,
ಶಿವಬಸವ್ವ

ತಾ.ಕ.: ಇದನ್ನು ಬರೆಯಬಾರದು ಎಂದಿದ್ದೆ. ಕಾಸಿಂಬಿ ಬರೀ ನಕ್ಕು ಹೋಗಲಿಲ್ಲ. "ನಿಮ್ಮ ಇಂದ್ರಾನ ಲಗ್ನದಾಗ ನಾನೇ ಹಸರ ಬಳಿ ಇಟ್ಟೆ, ನೀ ಯಾಕ ಬರಲಿಲ್ಲ?" ಎಂದು ಕೇಳಿದಳು. ಜ್ವರ ಬಂದಿತ್ತು ಎಂದೆ. ನನ್ನ ಹೊಟ್ಟೆಯಲ್ಲಿ ಒಂದೂ ಹುಟ್ಟಲಿಲ್ಲ. ನೀನು ಹೆತ್ತೆ, ಸಾಲಿಗೆ ಹೋಗುವವರೆಗೆ ಅವಳನ್ನು ಸೊಂಟದಿಂದ ಇಳಿಸದೆ ಬೆಳೆಸಿದವಳು ನಾನು. ಮೈದುನ ಕರೆಯಬೇಡ ಎಂದಿರಬೇಕು, ನಿನ್ನ ಮೇಲೆ ಸಿಟ್ಟಿಲ್ಲ. ಅವಳು ತವರಿಗೆ ಬಂದಾಗ ಒಂದು ದಿನ ಇಲ್ಲಿಗೆ ಕಳಿಸು. ನನ್ನನ್ನು ದೊಡ್ಡವ್ವ ಎಂದೇ ಕರೆಯಲು ಹೇಳು. ಮೊದಲಿನ ಹಾಗೆ ಅವ್ವಾ ಅನ್ನುವುದು ಬೇಡ, ಅದನ್ನು ತಡೆದುಕೊಳ್ಳುವಷ್ಟು ಕಸುವು ನನಗೆ ಇನ್ನೂ ಬಂದಿಲ್ಲ.