ಉಡಚಮ್ಮ ಅಂದದ್ದು, ಇವರು ಹೇಳಿದ್ದು

ಫೆಬ್ರವರಿ 3, ಬೆಳಿಗ್ಗೆ

ಕಿವಿ ಮಷಿನ್ ಚಾರ್ಜಿಗೆ ಇಡುವುದು ಮರೆತಿದ್ದೆ. ಇಟ್ಟು, ರೊಟ್ಟಿ ತಟ್ಟಿ ಮುಗಿಸಿ, ಆಮೇಲೆ ಹಾಕಿಕೊಂಡೆ. ಗಂಗಾವತಿಯಿಂದ ತಂದು ನಾಲ್ಕು ದಿನ. ಇನ್ನೂ ರೂಢಿಯಾಗಿಲ್ಲ. ಸ್ಟೀಲ್ ತಟ್ಟೆ ಕೆಳಗಿಟ್ಟರೆ ತಲೆಯೊಳಗೇ ಬಡಿದ ಹಾಗೆ. ಫೋನಿನ ಆ್ಯಪಿನಲ್ಲಿ ಬೆರಳು ಎಳೆದರೆ ಸದ್ದು ಕಮ್ಮಿ, ಜಾಸ್ತಿ... ನಮ್ಮೂರು ಯಲಬುರ್ಗಾ ಪೂರ್ತಿ ನನ್ನ ಬೆರಳಲ್ಲಿ.

ಹೊಲಿಗೆ ಮಷಿನ್ ಇಷ್ಟು ಕಿರುಚುತ್ತದೆಂದು ಗೊತ್ತೇ ಇರಲಿಲ್ಲ. ಪಕ್ಕದ ಮನೆ ಪಕೀರಮ್ಮನನ್ನು ಕೇಳಿದೆ. ಜ್ವರ ಬಂದು ನನ್ನ ಕಿವಿ ಹೋದಾಗಿನಿಂದ ಹಾಗೇ ಇದೆಯಂತೆ. ಬ್ಲೌಸ್ ಚಂದ ಹೊಲಿಯುತ್ತೀಯಲ್ಲ ಎಂದು ಸುಮ್ಮನಿದ್ದಳಂತೆ. ನಾಚಿಕೆಯಾಯಿತು. ಎಣ್ಣೆ ಬಿಟ್ಟೆ.

ಫೆಬ್ರವರಿ 4

ಯಜಮಾನರ ದನಿ. ಇದನ್ನು ಬರೆಯಲೇಬೇಕು.

ನನ್ನ ತಲೆಯಲ್ಲಿದ್ದದ್ದು ಜ್ವರಕ್ಕೆ ಮುಂಚಿನ ದನಿ. ಬಸ್ ಡಿಪೋದಲ್ಲಿ ಇಂಜಿನ್ ಸದ್ದಿನ ಮೇಲೆ ಕೂಗಿ ಕೂಗಿ ಗಟ್ಟಿಯಾದದ್ದು. ಈಗ ಮೆತ್ತಗೆ, ಒರಟು, ನಡುವೆ ಕೆಮ್ಮು. ನಾನು ಕೇಳದೇ ಇದ್ದ ಹೊತ್ತಿನಲ್ಲಿ ಅದಕ್ಕೆ ವಯಸ್ಸಾಗಿಬಿಟ್ಟಿದೆ.

ಮಾತೂ ಕಮ್ಮಿ. ಇಷ್ಟು ವರ್ಷ ನನ್ನ ಜೊತೆ ಕೈಸನ್ನೆ, ತುಟಿ, ಅಷ್ಟೇ ತಾನೆ. ಈಗಲೂ ಚಹಾ ಬೇಕೆಂದರೆ ಹೆಬ್ಬೆರಳು ಬಾಯಿಗೆ ತರುತ್ತಾರೆ. ಬಾಯಿಬಿಟ್ಟು ಹೇಳಿ ಎಂದೆ. ಹೊಸ ಮದುಮಗನ ಹಾಗೆ ನಕ್ಕು ತಲೆ ತಗ್ಗಿಸಿದರು.

ಫೆಬ್ರವರಿ 9, ಭಾನುವಾರ ಸಂಜೆ

ಹನುಮಸಾಗರಕ್ಕೆ ಹೋಗಿದ್ದೆವು. ಇವರ ಅಕ್ಕ ಉಡಚಮ್ಮನ ಮೊಮ್ಮಗನ ತೊಟ್ಟಿಲು. ಬಸ್ಸಿನ ಗದ್ದಲ ತಡೆಯದೆ ಕಿವಿ ಮಷಿನ್ ತೆಗೆದು ಪರ್ಸಿನಲ್ಲಿಟ್ಟಿದ್ದೆ. ಇವರು ನೋಡಿದ್ದರು. ಅಲ್ಲಿ ಮುಖ ತೊಳೆಯಲು ಹೋದಾಗ ಮತ್ತೆ ಹಾಕಿಕೊಂಡು ಕೂದಲು ಮುಚ್ಚಿದೆ. ಅದನ್ನು ಇವರು ನೋಡಲಿಲ್ಲ. ಮಷಿನಿನ ಸುದ್ದಿ ಅಲ್ಲಿ ಯಾರಿಗೂ ಗೊತ್ತಿಲ್ಲ.

ಉಡಚಮ್ಮ ನನ್ನ ಎದುರಿಗೇ ನಿಂತು, ನನ್ನ ಮುಖ ನೋಡಿ ನಗುತ್ತಲೇ, ಇವರಿಗೆ ಅಂದಳು:

"ಈ ಕಿವುಡಿನ್ನ ಯಾಕ ಕರ್ಕೊಂಡ ಬಂದಿಯೋ ಹುಲಿಗ್ಯಾ? ಮಂದಿ ಮುಂದ ಪಿಳಿಪಿಳಿ ನೋಡ್ಕೋತ ಕುಂದರ್ತಾಳ."

ಎಂದಿನಂತೆ ಇವರ ಕಡೆ ತಿರುಗಿ, ಏನಂತೆ ಎಂದು ಗದ್ದ ಎತ್ತಿದೆ. ಇವರು ನನ್ನ ಸೆರಗು ತೋರಿಸಿ, ತುಟಿಯನ್ನು ನಿಧಾನಕ್ಕೆ ಆಡಿಸಿದರು. ಸೀರಿ ಭಾಳ ಛಲೋ ಐತಂತ.

ಇವರ ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ಆಮೇಲೆ, ಅದೇ ನಗು ಇಟ್ಟುಕೊಂಡೇ, ಅಕ್ಕನಿಗೆ ಸಣ್ಣ ದನಿಯಲ್ಲಿ: "ಇನ್ನೊಮ್ಮಿ ಹಂಗ ಅಂದ್ರ ನಾ ಈ ಮನಿ ಮೆಟ್ಟಲಾ ಹತ್ತೂದಿಲ್ಲಕ್ಕಾ."

ನಾನು ಸೆರಗು ಸರಿಮಾಡಿಕೊಂಡು ಉಡಚಮ್ಮನಿಗೆ ನಕ್ಕೆ. ಹೊರಗೆ ಹೋಗಿ ಮಷಿನ್ ತೆಗೆದಿಟ್ಟೆ.

ಫೆಬ್ರವರಿ 10

ಹಾಕಿಕೊಳ್ಳಲಿಲ್ಲ. ಚಾರ್ಜ್ ಇಲ್ಲ ಎಂದೆ. ನಂಬಿದರು.

ಎಷ್ಟು ಮದುವೆ, ಎಷ್ಟು ಸೀಮಂತ... ಅಲ್ಲೆಲ್ಲ ಇವರು ತುಟಿಯಲ್ಲಿ ಹೇಳಿದ್ದು: ನಿನ್ನ ಹೋಳಿಗೆ ಮೆತ್ತಗಾಗಿದೆಯಂತೆ. ನೀನು ಬಂದದ್ದು ಛಲೋ ಆಯಿತಂತೆ. ಪ್ರತಿ ಸಲ ಬೀಗಿಕೊಂಡು ಮನೆಗೆ ಬರುತ್ತಿದ್ದೆ. ಅವುಗಳಲ್ಲಿ ಜನ ಅಂದದ್ದು ಯಾವುದು, ಇವರು ಹೊಲಿದು ಕೊಟ್ಟದ್ದು ಯಾವುದು?

ನನ್ನನ್ನು ಮಗುವಿನ ಹಾಗೆ ನಡೆಸಿಕೊಂಡರು ಅಂತ ಸಿಟ್ಟು ಬಂತು. ಉಳಿಯಲಿಲ್ಲ. ಅಷ್ಟೂ ಮಾತನ್ನು ಇವರೊಬ್ಬರೇ ಕೇಳಿಸಿಕೊಂಡರಲ್ಲ.

ಫೆಬ್ರವರಿ 16, ಭಾನುವಾರ

ಇಂದು ಹೇಳಿಬಿಟ್ಟೆ. ಊಟಕ್ಕೆ ಕುಳಿತಿದ್ದರು.

"ಹನುಮಸಾಗರದಾಗ ನಾ ಮಷಿನ್ ಹಾಕ್ಕೊಂಡಿದ್ದೆರಿ."

ಮುರಿದ ರೊಟ್ಟಿ ಕೈಯಲ್ಲೇ ಉಳಿಯಿತು. ಸನ್ನೆ ಮಾಡಲು ಇನ್ನೊಂದು ಕೈ ಎತ್ತಿದರು — ಅರ್ಧಕ್ಕೆ ಇಳಿಸಿದರು. ಮಷಿನ್ ತಂದ ದಿನದಿಂದ ಇದೇ ಹೆದರಿಕೆ ಇತ್ತಂತೆ. ನಿನಗೆ ಕೇಳಿಸಲಿ ಎಂದು ಹರಕೆ ಹೊತ್ತವನೂ ನಾನೇ, ಕೇಳಿಸಿದ ಮೇಲೆ ನಿನ್ನನ್ನು ಹೇಗೆ ಕಾಯಬೇಕೋ ತಿಳಿಯಲಿಲ್ಲ ಎಂದರು. ಕಣ್ಣು ತಟ್ಟೆಯ ಮೇಲೆ.

ಇಷ್ಟು ವರ್ಷ ಹೇಳಿದ್ದೆಲ್ಲ ಸುಳ್ಳೇನು ಎಂದು ಕೇಳಿದೆ.

"ಎಲ್ಲಾ ಸುಳ್ಳಲ್ಲ. ಸೀರಿ ಖರೇನ ಛಲೋ ಇತ್ತು." ರೊಟ್ಟಿ ತಟ್ಟೆಗಿಟ್ಟರು. "ಅಂದಾಂವ ನಾ, ಅಷ್ಟ."

ಇಬ್ಬರಿಗೂ ಊಟ ಸೇರಲಿಲ್ಲ. ಆದರೂ ಎದ್ದು ಹೋಗಲಿಲ್ಲ.

ಫೆಬ್ರವರಿ 23

ಉಡಚಮ್ಮ ಇವರಿಗೆ ಫೋನ್ ಮಾಡಿದ್ದಳು. ಇಸಿದುಕೊಂಡು ನಾನೇ ಮಾತಾಡಿದೆ. ಕೂಸು ಹೇಗಿದೆ ಎಂದೆ. ನಿನಗೆ ಯಾವಾಗಿನಿಂದ ಕೇಳಿಸುತ್ತದೆ ಎಂದಳು. ತೊಟ್ಟಿಲಿಗೆ ಮುಂಚಿನಿಂದ ಎಂದೆ. ಕೂಸಿನ ಅಂಗಿಯ ಅಳತೆ ಕೇಳಿ ಫೋನ್ ಇಟ್ಟೆ.

ಮುಂದಿನ ಮದುವೆಗೆ ಮಷಿನ್ ಹಾಕಿಕೊಂಡು ಹೋಗಬೇಕೋ ಬೇಡವೋ... ಗೊತ್ತಿಲ್ಲ. ಮನೆಯಲ್ಲಿ ಮಾತ್ರ ತೆಗೆಯುವುದಿಲ್ಲ.

ಹಿತ್ತಲ ನಳಕ್ಕೆ ನೀರು ಬಂದಿದೆ. ಇವರು ಅಲ್ಲಿಂದಲೇ ಕರೆಯುತ್ತಿದ್ದಾರೆ. ನನ್ನ ಮುಖ ಕಾಣದ ಜಾಗದಿಂದ, ಹೆಸರು ಹಿಡಿದು. ಸುರೇಖಾ. ಓಗೊಡದೆ ಕುಳಿತಿದ್ದೇನೆ. ಇನ್ನೊಂದು ಸಲ ಕರೆಯಲಿ ಅಂತ. ಕರೆದರು. ಇನ್ನೊಂದೇ ಸಲ—