ಮಹದೇವಪ್ಪನ ಲಾರಿಯ ಗೇರ್ ಬಾಕ್ಸ್

ಲಷ್ಕರ್ ಮೊಹಲ್ಲಾ, ಮೈಸೂರು
೧೪ ನವೆಂಬರ್ ೨೦೨೪

ಪ್ರೀತಿಯ ಸಾಮು,

ಹೇಗಿದ್ದೀಯ? ಚಳಿ ಶುರುವಾದರೆ ನಿನಗೆ ಎದೆ ಕಟ್ಟುತ್ತಿತ್ತು. ನಾಮಕ್ಕಲ್ ಕಡೆ ಇಲ್ಲಿನಷ್ಟು ಚಳಿ ಇರುವುದಿಲ್ಲ ಎಂದು ಕುಮಾರ್ ಹೇಳಿದ ಮೇಲೆ ಸ್ವಲ್ಪ ಸಮಾಧಾನವಾಯಿತು. ಕುಮಾರ್ ಎಂದರೆ ಈ ಕಾಗದ ತಂದುಕೊಟ್ಟವನು, ಅಲ್ಲಿಂದ ಇಲ್ಲಿಗೆ ಮೊಟ್ಟೆ ಲಾರಿ ಓಡಿಸುತ್ತಾನೆ. ಕ್ಲಚ್ ಕೆಲಸಕ್ಕೆಂದು ನಮ್ಮ ಬನ್ನಿಮಂಟಪದ ಶೆಡ್ಡಿಗೆ ಬಂದವನು ಗೋಡೆಯ ಮೇಲಿದ್ದ ನಮ್ಮಿಬ್ಬರ ಫೋಟೋ ನೋಡಿ, "ಇವ್ರು ಅಲ್ಲಿ ಕೋಳಿ ಫಾರಂ ಗೇಟ್ ಕಾಯ್ತಾರಲ್ಲಣ್ಣ" ಎಂದ. ಐದು ವರ್ಷದ ಮೇಲೆ ನೀನು ಇರುವ ಊರು ಗೊತ್ತಾದದ್ದು ಹಾಗೆ. ಗೇಟಿನ ಮುಂದೆಯೇ ಲಾರಿ ಕೆಟ್ಟು ನಿಂತರೂ ನೀನು ಹತ್ತಿರ ಹೋಗುವುದಿಲ್ಲವಂತೆ, ಯಾರಾದರೂ ಸ್ಪ್ಯಾನರ್ ಹಿಡಿದುಕೊಳ್ಳಲು ಕೊಟ್ಟರೆ ಕೈ ಹಿಂದಕ್ಕೆ ಕಟ್ಟಿಕೊಳ್ಳುತ್ತೀಯಂತೆ.

ಅಮ್ಮ ಇದ್ದಾಳೆ. ಮಂಡಿ ನೋವು ಜಾಸ್ತಿಯಾಗಿದೆ, ಆದರೂ ಭಾನುವಾರದ ಪೂಜೆಗೆ ದೇವಾಲಯಕ್ಕೆ ನಡೆದೇ ಹೋಗಬೇಕು, ಆಟೋ ಕರೆದರೆ ಹತ್ತುವುದಿಲ್ಲ. ಸತ್ತವರ ಹಬ್ಬದ ದಿನ ಅಪ್ಪನ ಸಮಾಧಿಗೆ ಹೂವು ಹಾಕಿ ಬಂದೆವು. ನಾನು ತಾತನಾದೆ, ಸ್ವೀಟಿಗೆ ಹೆಣ್ಣು ಮಗುವಾಗಿದೆ, ಎರಡು ವರ್ಷ ತುಂಬಿತು. ನಿನ್ನ ಹಾಗೆಯೇ ಕಿವಿ ಅಗಲ. ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಕುಮಾರ್ ನಿನ್ನ ನಂಬರ್ ತರುತ್ತೇನೆ ಎಂದ, ನಾನೇ ಬೇಡವೆಂದೆ. ಫೋನಿನಲ್ಲಾದರೆ ನೀನು "ಆಯ್ತು ಬುಡಣ್ಣ" ಎಂದು ನನ್ನ ಮಾತನ್ನು ಅರ್ಧಕ್ಕೆ ನಿಲ್ಲಿಸಿಬಿಡುತ್ತೀಯ. ಇದು ಅರ್ಧಕ್ಕೆ ನಿಲ್ಲಬಾರದ ಮಾತು.

ಹೋದ ತಿಂಗಳು ಮರಿಸ್ವಾಮಿ ಬಂದಿದ್ದ. ಮಹದೇವಪ್ಪ ಓಡಿಸುತ್ತಿದ್ದ ಲಾರಿಯ ಮಾಲೀಕ, ಅದೇ ಮರಿಸ್ವಾಮಿ. ದಿಂಬಂ ಘಾಟಿಯ ಕೆಳಗಿನ ಸ್ಟೇಷನ್ನಿನ ಹಿಂದೆ ಇಷ್ಟು ವರ್ಷ ಮಳೆಬಿಸಿಲಿಗೆ ನಿಂತಿದ್ದ ಆ ಲಾರಿಯನ್ನು ಕೇಸು ಮುಗಿಯಿತೆಂದು ಬಿಟ್ಟುಕೊಟ್ಟಿದ್ದಾರೆ. ಕ್ಯಾಬಿನ್, ಚಾಸಿ ಎಲ್ಲ ಗುಜರಿಗೆ ಹಾಕಿ, ಗೇರ್ ಬಾಕ್ಸ್ ಒಂದನ್ನು ಮಾತ್ರ ಬಿಚ್ಚಿಸಿ ತಂದಿದ್ದ. ಇನ್ನೊಂದು ಗಾಡಿಗೆ ಹಾಕೋಣ, ನೋಡಿಕೊಡು ಎಂದು ನಮ್ಮ ಶೆಡ್ಡಿನ ನೆಲದ ಮೇಲೆ ಇಳಿಸಿ ಹೋದ. ಮಣ್ಣು ಮೆತ್ತಿಕೊಂಡಿದ್ದರೂ ನೋಡಿದ ತಕ್ಷಣ ನನಗೆ ಗುರುತು ಸಿಕ್ಕಿತು. ಎರಡು ದಿನ ಅದರ ಪಕ್ಕದಲ್ಲೇ ಓಡಾಡಿಕೊಂಡು ಬೇರೆ ಗಾಡಿಗಳ ಕೆಲಸ ಮಾಡಿದೆ. ಮೂರನೆಯ ದಿನ ಬೆಳಿಗ್ಗೆ, ಕೆಲಸದವರು ಬರುವ ಮೊದಲು, ಒಬ್ಬನೇ ಕೂತು ಬಿಚ್ಚಿದೆ.

ಮೊದಲು ನೀನು ಕಟ್ಟಿದ್ದ ಮೇಲಿನ ಕವರ್ ಎತ್ತಿದೆ. ಹಾಕಿದ ಗೇರು ಹಾಕಿದಲ್ಲೇ ನಿಲ್ಲಲಿ ಎಂದು ಇರುವ ಆ ಸಣ್ಣ ಸ್ಪ್ರಿಂಗುಗಳನ್ನು ನೀನು ಮರೆತಿದ್ದೀಯ, ಅದಕ್ಕೇ ಇಳಿಜಾರಿನಲ್ಲಿ ಗೇರು ಬಿಟ್ಟುಕೊಂಡಿತು, ಅದಕ್ಕೇ ಮಹದೇವಪ್ಪ ಹೋದ ಎಂದು ತಾನೇ ಎಲ್ಲರೂ ಹೇಳಿದ್ದು? ನೀನೂ ನಂಬಿದ್ದು ಅದನ್ನೇ. "ಮರ್ತಿರ್ಬೇಕು ಕಣಣ್ಣ, ನಂಗೇ ಗ್ಯಾನ ಇಲ್ಲ" ಎಂದು ಅತ್ತದ್ದು ನನ್ನ ಕಿವಿಯಲ್ಲೇ ಇದೆ. ಸಾಮು, ಮೂರು ಸ್ಪ್ರಿಂಗೂ ಇದ್ದವು. ಅವುಗಳ ಕೆಳಗಿನ ಮೂರು ಉಕ್ಕಿನ ಗುಂಡುಗಳೂ ಇದ್ದವು. ಒಂದೂ ಮುರಿದಿರಲಿಲ್ಲ, ಒಂದೂ ಸೊಟ್ಟಗಾಗಿರಲಿಲ್ಲ. ಬೆರಳಲ್ಲಿ ಒತ್ತಿದರೆ ಇವತ್ತಿಗೂ ಬಿಗಿಯಾಗಿ ಹಿಂದಕ್ಕೆ ಪುಟಿಯುತ್ತವೆ.

ಆಮೇಲೆ ಮೇನ್ ಶಾಫ್ಟಿನ ಹಿಂದಿನ ತುದಿ ನೋಡಿದೆ. ಅದು ನನ್ನ ಕೆಲಸ. ಗೇರುಗಳನ್ನೆಲ್ಲ ಶಾಫ್ಟಿನ ಮೇಲೆ ಒತ್ತಿ ಹಿಡಿಯುವ ದೊಡ್ಡ ನಟ್ಟು ಸಡಿಲಾಗಿ ಬೆರಳಗಲ ಹಿಂದಕ್ಕೆ ಬಂದಿತ್ತು. ಆ ನಟ್ಟನ್ನು ಬಿಗಿ ಮಾಡಿದರೆ ಸಾಲದು, ಅದರ ಅಂಚನ್ನು ಪಂಚ್ ಇಟ್ಟು ಸುತ್ತಿಗೆಯಲ್ಲಿ ಹೊಡೆದು ಶಾಫ್ಟಿನ ಮೇಲಿರುವ ಕಚ್ಚಿನೊಳಕ್ಕೆ ಬಗ್ಗಿಸಬೇಕು, ಇಲ್ಲದಿದ್ದರೆ ಓಡುತ್ತ ಓಡುತ್ತ ತಾನಾಗಿ ತಿರುಗಿ ಬಿಚ್ಚಿಕೊಳ್ಳುತ್ತದೆ. ನಿನಗೆ ಹತ್ತೊಂಬತ್ತು ವರ್ಷವಿದ್ದಾಗ ಇದನ್ನು ಹೇಳಿಕೊಟ್ಟವನು ನಾನು. ಈ ನಟ್ಟಿನ ಅಂಚಿನಲ್ಲಿ ಪಂಚಿನ ಗುರುತೇ ಇರಲಿಲ್ಲ. ಅಂಗಡಿಯಿಂದ ತಂದ ದಿನ ಹೇಗಿತ್ತೋ ಹಾಗೆ ದುಂಡಗಿತ್ತು. ನಟ್ಟು ಬಿಟ್ಟ ಮೇಲೆ ಶಾಫ್ಟು ಹಿಂದೆಮುಂದೆ ಆಡಿದೆ, ಮೂರನೇ ಗೇರು ಕಚ್ಚಿಕೊಳ್ಳದೆ ಜಾರಿದೆ. ನಿನ್ನ ಸ್ಪ್ರಿಂಗು ಎಷ್ಟು ಗಟ್ಟಿಯಿದ್ದರೆ ತಾನೇ ಏನು ಮಾಡೀತು?

ಆ ಗೇರ್ ಬಾಕ್ಸ್ ಕಟ್ಟಿದ ದಿನ ಸ್ವೀಟಿಯನ್ನು ನೋಡಲು ಹುಡುಗನ ಕಡೆಯವರು ಬಂದಿದ್ದರು. ಮನೆಯಿಂದ ಫೋನಿನ ಮೇಲೆ ಫೋನು. ನಟ್ಟು ಬಿಗಿ ಮಾಡಿ, ಕೈ ಒರೆಸಿಕೊಂಡು ಸ್ಕೂಟರ್ ಹತ್ತಿದೆ. ಮಧ್ಯಾಹ್ನ ಬಂದವನು ಅದನ್ನು ಹಾಗೇ ಬಿಟ್ಟೆ. ಹೋದ ತಿಂಗಳು ಕಣ್ಣಾರೆ ನೋಡುವವರೆಗೆ ಇದು ನನಗೆ ಗೊತ್ತಿರಲಿಲ್ಲ.

ಹದಿನೈದು ದಿನ ಲಾರಿ ಓಡಿತು. ಘಾಟಿ ಇಳಿಯುವ ಹಿಂದಿನ ದಿನ ಚಾಮರಾಜನಗರದಿಂದ ಮಹದೇವಪ್ಪ ಫೋನ್ ಮಾಡಿ, "ಮೂರ್ನೇ ಗೇರ್ ಯಾಕೋ ನಿಲ್ತಿಲ್ಲ ಕಣಣ್ಣ, ಈ ಲೋಡ್ ಇಳಿಸ್ಬುಟ್ಟು ಬಂದು ತೋರಿಸ್ತೀನಿ" ಎಂದಿದ್ದ. ನಿಧಾನಕ್ಕೆ ಹೋಗು ಎಂದೆ. ಅಲ್ಲೇ ನಿಲ್ಲಿಸು, ನಾನೇ ಬರುತ್ತೇನೆ ಎನ್ನಲಿಲ್ಲ. ಕರಿಕಲ್ಲಿನ ದಿಮ್ಮಿ ಹೇರಿದ ಗಾಡಿ. ಘಾಟಿಯಲ್ಲಿ ಗೇರು ಬಿಟ್ಟುಕೊಂಡು ಭಾರವೆಲ್ಲ ಬ್ರೇಕಿನ ಮೇಲೆ ಬಿತ್ತು, ಬ್ರೇಕು ಕಾದು ಕೈಕೊಟ್ಟಿತು, ತಿರುವಿನಲ್ಲಿ ಗಾಡಿ ಬೆಟ್ಟಕ್ಕೆ ಗುದ್ದಿದಾಗ ಹಿಂದಿನ ಕಲ್ಲು ಮುಂದಕ್ಕೆ ಬಂತು. ಉಳಿದದ್ದನ್ನು ನೀನೂ ಆಸ್ಪತ್ರೆಯ ಶವಾಗಾರದಲ್ಲಿ ನೋಡಿದ್ದೀಯ.

ಮರಿಸ್ವಾಮಿಯನ್ನು ಕರೆಸಿ ನಟ್ಟು ತೋರಿಸಿದೆ. ಅವನು ಬಹಳ ಹೊತ್ತು ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಬುಡು ಅಂತೋಣಪ್ಪ. ಸತ್ತೋನು ಎದ್ ಬತ್ತಾನಾ? ಕೇಸೂ ಮುಗ್ದೋಗದೆ. ಸುಮ್ನೆ ಮುಚ್ಚಿ ಕೊಡು" ಎಂದ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ನನಗೂ ಒಂದು ಗಳಿಗೆ ಹಾಗೇ ಅನ್ನಿಸಿತು. ಒಂದು ಗಳಿಗೆ ಏನು, ಒಂದು ವಾರ ಅನ್ನಿಸಿತು. ಕವರ್ ಮುಚ್ಚಿ ಬೋಲ್ಟು ಕೂಡ ಹಾಕಿದ್ದೆ.

ನಂತರದ ಶನಿವಾರ ಕೆಸರೆಗೆ ಹೋದೆ. ಮಹದೇವಪ್ಪನ ಹೆಂಡತಿ ಇಂದ್ರಮ್ಮ ಅಲ್ಲೇ ಬಾಡಿಗೆ ಮನೆಯಲ್ಲಿದ್ದಾಳೆ, ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತಾಳೆ. ಅವನನ್ನು ಮಣ್ಣು ಮಾಡಿದ ದಿನ ನಿನ್ನ ಶರಟು ಹಿಡಿದು ಎಳೆದು, ನಿನ್ನ ಕೈ ಸೇದಿಹೋಗಲಿ ಎಂದು ಶಾಪ ಹಾಕಿದವಳು. ನಾನು ಹೋದಾಗ ಬಾಗಿಲ ಮುಂದೆ ಕೂತು ಅಕ್ಕಿ ಆರಿಸುತ್ತಿದ್ದಳು. "ಬಾಣ್ಣ, ಕೂತ್ಕೊ" ಎಂದಳು. ನಿಂತುಕೊಂಡೇ ಹೇಳಿದೆ. ಹೇಳಿ ಮುಗಿಸುವವರೆಗೂ ಅವಳ ಕೈ ಮೊರದಲ್ಲಿ ಆಡುತ್ತಲೇ ಇತ್ತು. ಆಮೇಲೆ ನಿಂತಿತು. "ಐದ್ ವರ್ಸ ದಿನಾ ದೀಪ ಹಚ್ಚುವಾಗ ನಿನ್ ತಮ್ಮನ್ನ ಬೈಕೊಂಡ್ ಬಂದೆ ಕಣಣ್ಣ. ಅದನ್ನ ಈಗ ಎಂಗೆ ವಾಪಸ್ ತಕ್ಕಳ್ಳಿ?" ಎಂದಳು. ನನಗೆ ಹಾಕಮ್ಮ ಆ ಶಾಪವನ್ನು ಎಂದೆ. "ಇನ್ನೊಬ್ಬರನ್ನ ಬೈಯ್ಯಕ್ಕೆ ನನ್ ಕೈಲಿ ಆಗಾಕಿಲ್ಲ. ನೀನು ಹೋಗು" ಎಂದು ಮೊರ ಎತ್ತಿಕೊಂಡು ಒಳಗೆ ಹೋದಳು. ನಾನು ಬೀದಿ ತುದಿ ಮುಟ್ಟುವಷ್ಟರಲ್ಲಿ ಹಿಂದಿನಿಂದ ಬಂದಳು. ನಿನಗೆ ಮದುವೆಯಾಯಿತೇ ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ತಮ್ಮನಿಗೆ ಮದುವೆಯಾಗಿದೆಯೋ ಇಲ್ಲವೋ ಗೊತ್ತಿಲ್ಲದ ಅಣ್ಣನನ್ನು ಅವಳು ನೋಡಿದ ನೋಟ ಇನ್ನೂ ನನ್ನ ಮೈಮೇಲೆ ಇದೆ.

ಅಮ್ಮನಿಗೂ ಹೇಳಿದೆ. ಜಪಸರ ಹಿಡಿದುಕೊಂಡು ಮಂಚದ ಮೇಲೆ ಕೂತಿದ್ದಳು. "ಸಾಮೂಗೆ ಹೇಳ್ದಾ?" ಎಂದಳು. ಇನ್ನೂ ಇಲ್ಲಮ್ಮ ಎಂದೆ. ಅವತ್ತಿನಿಂದ ಅವಳು ನನ್ನ ಜೊತೆ ಮಾತಾಡಿಲ್ಲ. ನಾನು ತಟ್ಟೆ ಇಟ್ಟರೆ ಉಣ್ಣುತ್ತಾಳೆ, ಮಾತ್ರೆ ಕೊಟ್ಟರೆ ನುಂಗುತ್ತಾಳೆ, ಮುಖ ಮಾತ್ರ ಆ ಕಡೆ.

ಶೆಡ್ಡಿನಲ್ಲಿ ಕೆಲಸದವರನ್ನೆಲ್ಲ ನಿಲ್ಲಿಸಿಕೊಂಡು, ಅಂದು ನಿನ್ನನ್ನು ಬೈದವರನ್ನೂ ಕರೆಸಿ, ನಟ್ಟು ಯಾರು ಹಾಕಿದ್ದು ಎಂದು ಹೇಳಿದ್ದೇನೆ. ಒಬ್ಬೊಬ್ಬರೇ ಕೆಲಸಕ್ಕೆ ಹೋದರು. ನಾನು ಈಗ ಗೇರ್ ಬಾಕ್ಸ್ ಕಟ್ಟುವುದಿಲ್ಲ. ಕಟ್ಟಲು ಕೂತರೆ ಒಂದೇ ನಟ್ಟನ್ನು ನಾಲ್ಕು ಸಲ ನೋಡುತ್ತೇನೆ, ಕವರ್ ಮುಚ್ಚಿ ಮತ್ತೆ ಬಿಚ್ಚುತ್ತೇನೆ. ಗಿರಾಕಿಗಳು ಬೇರೆ ಕಡೆ ಹೋಗುತ್ತಿದ್ದಾರೆ, ಹೋಗಲಿ. ನೀನು ಬಾ ಎಂದು ಬರೆಯುವ ಯೋಗ್ಯತೆ ನನಗಿಲ್ಲ. ಆದರೆ ಇನ್ನು ಮೇಲೆ ಯಾರಾದರೂ ಸ್ಪ್ಯಾನರ್ ಕೊಟ್ಟರೆ ಹಿಡಿದುಕೊ, ಸಾಮು. ನಿನ್ನ ಕೈಯಿಂದ ಯಾರಿಗೂ ಕೇಡಾಗಿಲ್ಲ.

ಎದೆಗೆ ಗಾಳಿ ತಾಗದಂತೆ ನೋಡಿಕೊ. ಸ್ವೀಟಿ ನಿನ್ನನ್ನು ಕೇಳಿದಳು, ಅವಳ ಮಗಳಿಗೆ ನಿನ್ನ ಫೋಟೋ ತೋರಿಸಿ ಚಿಕ್ಕತಾತ ಎಂದು ಹೇಳಿಕೊಟ್ಟಿದ್ದಾಳೆ. ಮಾತೆ ಮರಿಯಮ್ಮ ನಿನ್ನನ್ನು ಕಾಯಲಿ.

ನಿನ್ನ ಅಣ್ಣ,
ಅಂತೋಣಪ್ಪ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲಲಿಲ್ಲ. ಕುಮಾರ್ ಗಾಡಿ ಸ್ಟಾರ್ಟ್ ಮಾಡಿಕೊಂಡು ಹೊರಗೆ ಕಾಯುತ್ತಿದ್ದಾನೆ. ಮೇಲೆ ಒಂದು ಸುಳ್ಳು ಬರೆದಿದ್ದೇನೆ, ಹೋದ ತಿಂಗಳವರೆಗೆ ಗೊತ್ತಿರಲಿಲ್ಲ ಎಂದು. ಅವತ್ತು ಮಧ್ಯಾಹ್ನ ನಾನು ವಾಪಸ್ ಬಂದಾಗ ನೀನು ಕವರ್ ಎತ್ತಿ ಹಿಡಿದುಕೊಂಡು, "ಅಣ್ಣ, ನಟ್‌ಗೆ ಪಂಚ್ ಹೊಡ್ದ್ಯಾ?" ಎಂದು ಕೇಳಿದೆ. ಹೊಡೆದೆ ಎಂದೆ. ಹೊಡೆದಿದ್ದೆನೋ ಇಲ್ಲವೋ ಆಗಲೇ ನನಗೆ ನೆನಪಿರಲಿಲ್ಲ, ಬಗ್ಗಿ ನೋಡಲು ಬೇಜಾರು. ಆಮೇಲೆ ಮರಿಸ್ವಾಮಿ ಯಾರ ತಪ್ಪು ಎಂದು ಎಲ್ಲರ ಮುಂದೆ ಕೇಳಿದ ದಿನ, "ಕವರ್ ಕಟ್ಟಿದ್ದು ಇವನು" ಎಂದು ನಾನು ಕೈ ತೋರಿಸಿದಾಗ, ನೀನು ಆ ಮಾತನ್ನು ಮರೆತಿದ್ದೆ. ನಾನು ಮರೆತಿರಲಿಲ್ಲ.